ಎರಡು ನಿಮಿಷದಲ್ಲಿ ಹೇಳಲಾಗದ್ದು

ಹೋದ ಶುಕ್ರವಾರ ಕಾಲೇಜಿನಲ್ಲಿ ನನಗೊಂದು ಫಲಕ ಕೊಟ್ಟರು. ಈ ವರ್ಷದ ಅತ್ಯುತ್ತಮ ವಿದ್ಯಾರ್ಥಿ ನಾಯಕರು ಅಂತ ಆರು ಜನರನ್ನು ಆರಿಸಿದ್ದರು. ಅದರಲ್ಲಿ ನಾನೂ ಒಬ್ಬಳು. ಉಳಿದ ಐದು ಮಕ್ಕಳ ವಯಸ್ಸು ಕೂಡಿದರೆ ನೂರು ಚಿಲ್ಲರೆ, ನನ್ನೊಬ್ಬಳದೇ 39. ನಿರೂಪಣೆ ಮಾಡುತ್ತಿದ್ದ ಹುಡುಗ ನನ್ನ ಹೆಸರನ್ನು ಮೂರು ತುಂಡು ಮಾಡಿ, ಮಧ್ಯದ ತುಂಡನ್ನು ನುಂಗಿಕೊಂಡು ಕರೆದ. ಮಾತಾಡೋಕೆ ತಲಾ ಎರಡು ನಿಮಿಷ. ಸೆರಗು ಸರಿ ಮಾಡಿಕೊಂಡು ಮೈಕಿನ ಹತ್ತಿರ ಹೋಗುವಷ್ಟರಲ್ಲೇ ಅರ್ಧ ನಿಮಿಷ ಹೋಯಿತು. ಎಲ್ಲರಿಗೂ ಥ್ಯಾಂಕ್ಸ್ ಅಂದೆ, ಇಳಿದು ಬಂದೆ. ಕುರ್ಚಿಯಲ್ಲಿ ಕೂತ ಮೇಲೆ ಹೊಳೆಯಿತು, ಯಾರ ಬಗ್ಗೆ ಹೇಳಬೇಕಿತ್ತೋ ಅವರ ಬಗ್ಗೆಯೇ ಹೇಳಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಕಿ ತೀರಿಸಿಬಿಡುತ್ತೇನೆ. ನನ್ನ ಇಂಗ್ಲಿಷ್ ಪ್ರಬಂಧಗಳಿಗೆ ಕೆಂಪು ಶಾಯಿ ಬಳಸದೆ ಪೆನ್ಸಿಲಿನಲ್ಲಿ ತಿದ್ದಿದ ಮೇಡಂಗೆ, ವಿದ್ಯಾರ್ಥಿ ಸಂಘದ ಸಲಹೆಗಾರರಿಗೆ, ನಾನು ಮೀಟಿಂಗಿಗೆ ಹೋದ ಸಂಜೆಗಳಲ್ಲಿ ಮಕ್ಕಳಿಗೆ ಊಟ ಹಾಕಿದ ಕನ್ನಡ ಕೂಟದ ಗೆಳತಿಯರಿಗೆ, ಚಳ್ಳಕೆರೆಯಿಂದ ದಿನಾ ಫೋನ್ ಮಾಡಿ "ಪರೀಕ್ಷೆ ಯಾವಾಗ ಮುಗಿಯುತ್ತೆ?" ಅಂತ ಒಂದೇ ಪ್ರಶ್ನೆ ಕೇಳಿದ ಅಮ್ಮನಿಗೆ, ನನ್ನ ಇಬ್ಬರು ಮಕ್ಕಳಿಗೆ, ಎಲ್ಲರಿಗೂ ಋಣಿ. ಇವರ ಬಗ್ಗೆ ಕೆಳಗೆ ಬರುತ್ತದೆ. ಇವರು ಅಂದರೆ ನಮ್ಮ ಯಜಮಾನರು.

ಊರಿನ ಕೆಲವರಿಗೆ ಒಂದು ಮಾತು ಹೇಳಲೇಬೇಕು. "ಅಮೆರಿಕಕ್ಕೆ ಹೋಗಿ ಕಮ್ಯುನಿಟಿ ಕಾಲೇಜಾ?" ಅಂತ ಮದುವೆ ಮನೆಯೊಂದರಲ್ಲಿ ಕೇಳಿದವರು ಇದ್ದಾರೆ. ಹೌದು, ಕಮ್ಯುನಿಟಿ ಕಾಲೇಜೇ. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಫೀಸು (ಯೂನಿಟ್ ಅಂದರೆ ಪಾಠ ಅಳೆಯೋ ಲೆಕ್ಕ). ಎರಡು ವರ್ಷ ಇಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ಇಲ್ಲ ಒಂದು ಸರ್ಟಿಫಿಕೇಟ್ ಮಾಡಿಕೊಂಡು ಕೆಲಸಕ್ಕೆ ಸೇರಬಹುದು. ನನ್ನ ಪಕ್ಕದ ಬೆಂಚಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಂಗ್ ಸಹಾಯಕಿ ಕೂರುತ್ತಿದ್ದಳು, ಆಚೆ ಸೈನ್ಯದಿಂದ ಬಂದ ಹುಡುಗ. ಬಿ.ಕಾಂ. ಮುಗಿಸಿ 15 ವರ್ಷ ಮನೆಯಲ್ಲಿದ್ದವಳನ್ನು ಒಂದೂ ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಂಡ ಜಾಗ ಅದು.

ವಿದ್ಯಾರ್ಥಿ ಸಂಘಕ್ಕೆ ನಾನು ಹೋಗಿದ್ದು ಸುಮ್ನೆ. ಪಿಜ್ಜಾ ಇದೆ ಅಂತ ಯಾರೋ ಕರೆದಿದ್ದರು. ಮೊದಲ ಮೀಟಿಂಗಿನಲ್ಲಿ ಯಾರೋ ಒಂದು ಪ್ರಸ್ತಾಪ ಇಟ್ಟರು, ಅಧ್ಯಕ್ಷೆ "ಸೆಕೆಂಡ್ ಇದೆಯಾ?" ಅಂತ ಕೇಳಿದಳು. ನಾನು ಗೋಡೆ ಗಡಿಯಾರ ನೋಡಿದೆ. ಸೆಕೆಂಡ್ ಅಂದರೆ ಅನುಮೋದನೆ ಅಂತ ಗೊತ್ತಾಗಿದ್ದು ಎರಡು ವಾರ ಆದ ಮೇಲೆ. ಇಲ್ಲಿ ವಿದ್ಯಾರ್ಥಿ ಸಂಘದ ಮೀಟಿಂಗಿಗೂ ಬ್ರೌನ್ ಆ್ಯಕ್ಟ್ ಅನ್ನೋ ಕಾನೂನು ಅನ್ವಯಿಸುತ್ತದೆ. ಮಾಮೂಲಿ ಮೀಟಿಂಗ್ ಅಂದರೆ ಏನು ಚರ್ಚೆ ಮಾಡುತ್ತೀವಿ ಅಂತ 72 ಗಂಟೆ ಮೊದಲೇ ಬರೆದು ಹಚ್ಚಬೇಕು. ಹಚ್ಚದೇ ಇರೋ ವಿಷಯದ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ. ಒಂದು ಫ್ರಿಜ್ ಕೊಳ್ಳೋಕೆ ನಾವು ಎಷ್ಟು ವಾರ ಕಾದೆವು ಅಂತ ಸಂಘದವರಿಗೆ ಗೊತ್ತು, ಮತ್ತೆ ಆ ಕಥೆ ಬೇಡ.

ಆ ಫ್ರಿಜ್ ಬಂದಿದ್ದು ಫುಡ್ ಪ್ಯಾಂಟ್ರಿಗೆ. ಕಷ್ಟದಲ್ಲಿರೋ ವಿದ್ಯಾರ್ಥಿಗಳು ವಾರಕ್ಕೊಂದು ಚೀಲ ದಿನಸಿ, ಹಾಲು, ಮೊಟ್ಟೆ, ತರಕಾರಿ ತೆಗೆದುಕೊಂಡು ಹೋಗೋ ಕೋಣೆ. ಪ್ರತಿ ಕಮ್ಯುನಿಟಿ ಕಾಲೇಜಿನಲ್ಲೂ ಇಂಥ ನೆರವಿಗೆ ಒಂದು ಕೇಂದ್ರ ಇರಬೇಕು ಅಂತ ರಾಜ್ಯ ಕಾನೂನು ಮಾಡಿ, 2022ರ ಜುಲೈ 1ರ ಗಡುವು ಕೊಟ್ಟಿತ್ತು. ಕಾನೂನು ಕೇಂದ್ರ ಮಾಡು ಅನ್ನುತ್ತದೆ, ಬುಧವಾರ ಬೆಳಿಗ್ಗೆ ಎಂಟಕ್ಕೆ ಬಂದು ಎಲೆಕೋಸು ಆರಿಸೋರು ಯಾರು ಅಂತ ಹೇಳೋದಿಲ್ಲ. ನಮ್ಮಲ್ಲಿ ಅದನ್ನು ಮಾಡುತ್ತಿದ್ದವರು ಕೋ.

ಅವರ ಹೆಸರು ಹಾಕಬಾರದು ಅಂತ ಕಟ್ಟಪ್ಪಣೆ ಆಗಿದೆ. ವಿಯೆಟ್ನಾಮಿನವರು. ಅವರ ಭಾಷೆಯಲ್ಲಿ ಕೋ ಅಂದರೆ ಅಪ್ಪನ ತಂಗಿ, ನಮ್ಮ ಸೋದರತ್ತೆ. ಹಿರಿಯ ಹೆಂಗಸರನ್ನು ಹಾಗೇ ಕರೆಯುತ್ತಾರಂತೆ, ಹಾಗಾಗಿ ನಾವೆಲ್ಲ ಕೋ ಅಂತಲೇ ಕರೆಯುತ್ತೇವೆ. ಈಗ ಅರವತ್ತು. ಮೂವತ್ತು ವರ್ಷ ಬೇರೆಯವರ ಉಗುರಿಗೆ ಬಣ್ಣ ಹಚ್ಚಿ, ಮಕ್ಕಳನ್ನು ಓದಿಸಿ, ಈಗ ತಾವು ಲೆಕ್ಕಪತ್ರ ಕಲಿಯೋಕೆ ಬರುತ್ತಾರೆ. ಒಂದು ಸೆಮಿಸ್ಟರ್‌ಗೆ ಒಂದೇ ತರಗತಿ. "ತಲೆ ಹಳೇದು, ಜಾಸ್ತಿ ತುಂಬಿದರೆ ಚೆಲ್ಲುತ್ತೆ" ಅನ್ನುತ್ತಾರೆ.

2023ರ ಮಾರ್ಚ್ 14, ಮಂಗಳವಾರ. ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ, ಇದ್ದವರಿಗೆ ಆ ದಿನದ ಗಾಳಿ ನೆನಪಿರಬೇಕು. ಮರಗಳು ಉರುಳಿದವು, ಲಕ್ಷಾಂತರ ಜನರಿಗೆ ಕರೆಂಟ್ ಹೋಯಿತು. ನಮ್ಮ ಕಾಲೇಜಿನ ಆ ಕಟ್ಟಡದಲ್ಲೂ ಮಧ್ಯಾಹ್ನ ಹೋಯಿತು. ಮರುದಿನ ಬುಧವಾರ, ಹಂಚೋ ದಿನ. ಫ್ರಿಜ್ ತುಂಬ ಹಾಲು, ಮೊಟ್ಟೆ. ನಾನು ಓಡಿ ಹೋಗಿ ನೋಡಿದರೆ ಕೋ ಆಗಲೇ ಬಾಗಿಲಿಗೆ ಅಡ್ಡಡ್ಡ ಟೇಪ್ ಹಚ್ಚಿ, ಅದರ ಮೇಲೆ ಕರೆಂಟ್ ಹೋದ ಸಮಯ ಬರೆದು, ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಬಾಗಿಲು ತೆಗೆಯದೇ ಇದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. 40 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಎರಡು ಗಂಟೆ ಕಳೆದರೆ ಹಾಲು ಎಸೆಯಬೇಕು. ಕ್ಯಾಂಟೀನ್ ಇರೋ ಕಟ್ಟಡಕ್ಕೆ ಜನರೇಟರ್ ಇತ್ತು. ಸೆಕ್ಯುರಿಟಿಯವರನ್ನು ಹಿಡಿದು, ಅಲ್ಲಿಯ ಕೋಲ್ಡ್ ರೂಮ್ ತೆಗೆಸಿ, ಮಳೆಯಲ್ಲಿ ತಳ್ಳುಗಾಡಿ ಉರುಳಿಸಿಕೊಂಡು ನಾವಿಬ್ಬರೂ ಎಲ್ಲ ಸಾಗಿಸಿದೆವು. ಮೊಟ್ಟೆ ಟ್ರೇ ಮೇಲೆ ಕೋ ತಮ್ಮ ರೇನ್‌ಕೋಟ್ ಹೊದಿಸಿದ್ದರು. ತಾವು ನೆನೆದರು. ಒಂದು ಮೊಟ್ಟೆ ಒಡೆಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಹದಿನೆಂಟು ಒಡೆದವು.

ಸಂಘದ ವರದಿಯಲ್ಲಿ ಇಷ್ಟು ಇದೆ. ಇಲ್ಲದ್ದು ಈಗ ಬರೆಯುತ್ತೇನೆ.

ಸಂಜೆ ನಾಲ್ಕಕ್ಕೆ, ಅಂದರೆ ಗಾಡಿ ತಳ್ಳೋಕೆ ಶುರು ಮಾಡುವ ಮೊದಲೇ, ಇವರಿಂದ ಮೆಸೇಜ್ ಬಂದಿತ್ತು. "ಕೆಲಸ ಹೋಯ್ತು. ಇವತ್ತೇ ಕೊನೆ ದಿನ. ಬಾ, ಮಾತಾಡೋಣ." ಎಚ್-1ಬಿ, ಅಂದರೆ ಕಂಪನಿ ಕೆಲಸದ ಮೇಲೆ ನಿಂತ ವೀಸಾದಲ್ಲಿ ಇರೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನದು ಎಚ್-4, ಸಂಗಾತಿಗೆ ಕೊಡೋ ವೀಸಾ, ಅವರ ವೀಸಾದ ಬಾಲ. ಆಗ ನನಗೆ ಇಲ್ಲಿ ದುಡಿಯೋ ಅನುಮತಿಯೂ ಇರಲಿಲ್ಲ. ಸಂಘದ ಪದಾಧಿಕಾರಿಗಳಿಗೆ ಕೊಡುವ ಸಣ್ಣ ಗೌರವಧನವನ್ನೂ ನಾನು ಮುಟ್ಟಿರಲಿಲ್ಲ.

ನಾನು ಮನೆಗೆ ಹೋಗಲಿಲ್ಲ. ಹಾಲು ಸಾಗಿಸೋ ಕೆಲಸ ಒಂಬತ್ತಕ್ಕೇ ಮುಗಿದಿತ್ತು. "ಇನ್ನೂ ಕೆಲಸ ಇದೆ, ಲೇಟಾಗುತ್ತೆ" ಅಂತ ಇವರಿಗೆ ಸುಳ್ಳು ಮೆಸೇಜ್ ಹಾಕಿ ಫೋನ್ ಆಫ್ ಮಾಡಿದೆ. ಅವರು ಅವತ್ತು ಕತ್ತಲಲ್ಲಿ ಮೇಣದಬತ್ತಿ ಹಚ್ಚಿಟ್ಟುಕೊಂಡು, ಮಕ್ಕಳಿಗೆ ಮೊಸರನ್ನ ತಿನ್ನಿಸಿ, ಒಬ್ಬರೇ ಕೂತಿದ್ದರು. ಅವರ ಮುಖ ನೋಡೋ ಧೈರ್ಯ ನನಗೆ ಇರಲಿಲ್ಲ. ಇದನ್ನು ಅವರಿಗೆ ಹೇಳಿದ್ದೇ ತಿಂಗಳುಗಳ ನಂತರ. ಇವತ್ತು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ, ಅವರ ಒಪ್ಪಿಗೆ ಕೇಳಿಯೇ. ನಾಯಕಿ ಅಂತ ಫಲಕದ ಮೇಲೆ ಕೆತ್ತಿದ್ದಾರಲ್ಲ, ಆ ಹೆಂಗಸು ಅವತ್ತು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆಗೆಯೋಕೂ ಆಗದೆ ನಿಂತಿದ್ದಳು.

ಕೋ ಏನೂ ಕೇಳಲಿಲ್ಲ. ತಮ್ಮ ಹಳೇ ಕರೋಲಾ ಬಾಗಿಲು ತೆಗೆದು ಕೂರಿಸಿದರು. ಹೀಟರ್ ಹಾಕಿದರು. ಹಿಂದಿನ ಸೀಟಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ತೊಡೆ ಮೇಲಿಟ್ಟರು. ಬೇಯಿಸಿದ ಕಡಲೆಕಾಯಿ! ಸಿಪ್ಪೆ ಸಮೇತ, ಇನ್ನೂ ಒದ್ದೆ ಒದ್ದೆ. ನಾನು ಹುಟ್ಟಿದ್ದು ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಯಲ್ಲಿ. ನಮ್ಮಪ್ಪ ಮೂವತ್ತು ವರ್ಷ ಮಿಲ್ಲಿನಲ್ಲಿ ಕಡಲೆಕಾಯಿ ಮೂಟೆಗಳ ಲೆಕ್ಕ ಬರೆದವರು, ಸಾಯೋವರೆಗೂ ಅವರ ಅಂಗಿಗೆ ಆ ವಾಸನೆ. ಒಂದು ಕಾಯಿ ಒಡೆದೆ. ಅಷ್ಟೇ, ಅಳು ಒತ್ತಿಕೊಂಡು ಬಂತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಕೋ ಸುಮ್ನೆ ಕಾಯಿ ಸುಲಿಯುತ್ತಾ ಕೂತಿದ್ದರು. ಸುಲಿದ ಬೀಜಗಳನ್ನು ತಿನ್ನದೆ ಕಪ್ ಇಡೋ ಗುಂಡಿಯಲ್ಲಿ ನನಗಂತ ತುಂಬಿಸುತ್ತಿದ್ದರು.

ಆಮೇಲೆ ಎಲ್ಲ ಹೇಳಿದೆ. ಬಾಡಿಗೆ, ಮೇ 13ಕ್ಕೆ ಮುಗಿಯೋ 60 ದಿನ, ದೊಡ್ಡವಳ ಹಲ್ಲಿನ ಕ್ಲಿಪ್ಪಿನ ಕಂತು. ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ. "ನಾಳೆ ಚೀಲ ತಗೊಂಡು ಹೋಗ್ತೀಯಾ?"

ನಾನು ಆಗಲ್ಲ ಅಂದೆ. ಒಂದೂವರೆ ವರ್ಷ ಆ ಮೇಜಿನ ಈಚೆ ನಿಂತು ಚೀಲ ಕೊಟ್ಟವಳು ನಾನು. ಇದರಲ್ಲಿ ನಾಚಿಕೆ ಏನಿಲ್ಲ ಅಂತ ಪೋಸ್ಟರ್ ಬರೆಸಿದವಳೂ ನಾನೇ. ಆದರೂ ಆಗಲ್ಲ ಅಂದೆ. ಕೊಡೋ ಕೈ ಮೇಲಿರುತ್ತೆ, ಇಸ್ಕೊಳ್ಳೋ ಕೈ ಕೆಳಗಿರುತ್ತೆ ಅಂತ ನಮ್ಮಪ್ಪ ಹೇಳುತ್ತಿದ್ದ ಮಾತನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ಅರ್ಥ ಆಗಲಿಲ್ಲವೋ, ಆಗದ ಹಾಗೆ ಇದ್ದರೋ.

ಸ್ವಲ್ಪ ಹೊತ್ತು ಬಿಟ್ಟು, ಗಾಜಿನ ಮೇಲೆ ಇಳಿಯೋ ಮಳೆ ನೋಡುತ್ತಾ ಹೇಳಿದರು. ಅವರು ದೋಣಿಯಲ್ಲಿ ಮಲೇಷ್ಯಾಕ್ಕೆ ಬಂದಾಗ ಹದಿನೈದು ವರ್ಷ. ಬಿಡಾಂಗ್ ಅನ್ನೋ ದ್ವೀಪದ ನಿರಾಶ್ರಿತರ ಶಿಬಿರ. (ಆಮೇಲೆ ನಾನು ಓದಿ ನೋಡಿದೆ. ಪುಟ್ಟ ದ್ವೀಪ, 1979ರ ಮಧ್ಯದ ಹೊತ್ತಿಗೆ ಅಲ್ಲಿ ಸುಮಾರು 40,000 ಜನ.) "ನಮ್ಮಮ್ಮ ಊರಲ್ಲಿ ಟೀಚರ್. ರೇಷನ್ ಸಾಲಿನಲ್ಲಿ ನಿಲ್ಲಲ್ಲ ಅಂದಳು. ನಾನು ನಿಂತೆ. ಮೂರನೇ ದಿನ ಅವಳೂ ಬಂದು ನನ್ನ ಹಿಂದೆ ನಿಂತಳು." ಅಷ್ಟೇ. ಮುಂದೆ ಏನೋ ಹೇಳುತ್ತಾರೆ ಅಂತ ಕಾದೆ. ಹೇಳಲಿಲ್ಲ. "ನಾಳೆ ಹತ್ತಕ್ಕೆ ಬಾ. ಹಿಂದಿನ ಬಾಗಿಲಿಂದ ಬರಬೇಡ, ಸಾಲಲ್ಲಿ ಬಾ" ಅಂದರು.

ರಾತ್ರಿ ಎರಡಕ್ಕೆ ಹೊರಟೆವು. ಸಿಗ್ನಲ್ ದೀಪಗಳು ಸತ್ತಿದ್ದವು. ನನ್ನ ಕಾರಿನ ಹಿಂದೆ ಅವರ ಕಾರು, ನಿಧಾನಕ್ಕೆ. ನಮ್ಮ ಮನೆ ಮುಂದೆ ನಿಲ್ಲಿಸಿ, ಇವರು ಬಂದು ಬಾಗಿಲು ತೆಗೆಯುವವರೆಗೆ ಕಾದು, ಹೋದರು. ಅವರ ಮನೆ ಸ್ಯಾನ್ ಹೋಸೆಯ ಇನ್ನೊಂದು ತುದಿಗೆ, ಪೂರ್ತಿ ಉಲ್ಟಾ ದಿಕ್ಕು.

ಮರುದಿನ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಏಳು ಜನ. ಸಂಘದ ಹುಡುಗನೊಬ್ಬ ನನ್ನನ್ನು ನೋಡಿ ಸಹಾಯಕ್ಕೆ ಬಂದಿದ್ದಾಳೆ ಅಂದುಕೊಂಡು ಒಳಗೆ ಕರೆದ. ಇಲ್ಲ, ನಾನು ಸಾಲಲ್ಲಿದ್ದೀನಿ ಅಂದೆ. ಆ ಒಂದು ವಾಕ್ಯ ಹೇಳಿದಷ್ಟು ಕಷ್ಟ ಆ ಎರಡು ನಿಮಿಷದ ಭಾಷಣ ಆಗಲಿಲ್ಲ. ನನ್ನ ಸರದಿ ಬಂದಾಗ ಕೋ ಕಣ್ಣು ಮಿಟುಕಿಸಲಿಲ್ಲ, ನಗಲಿಲ್ಲ. ಎಲ್ಲರಿಗೂ ಕೇಳೋ ಹಾಗೆ ಸ್ಟೂಡೆಂಟ್ ಐಡಿ ಕೇಳಿದರು, ಬರೆದುಕೊಂಡರು, "ಮನೇಲಿ ಎಷ್ಟು ಜನ?" ಅಂದರು. ನಾಲ್ಕು ಅಂದೆ. ಅಕ್ಕಿ, ಓಟ್ಸ್, ಎಲೆಕೋಸು, ಅರ್ಧ ಗ್ಯಾಲನ್ ಹಾಲು, ಮಚ್ಚೆ ಮಚ್ಚೆ ಇರೋ ಪಿಂಟೋ ಬೀನ್ಸ್. ಮುಂದಿನವರನ್ನು ಕರೆದರು.

ಆ ಬೀನ್ಸಿನಲ್ಲಿ ಹುಳಿ ಮಾಡಿದೆ. ಅಲಸಂದೆ ಕಾಳಿನ ಹುಳಿಗೆ ಹತ್ತಿರ ಬರುತ್ತದೆ, ಹುಣಸೆಹಣ್ಣು ಒಂದು ಚೂರು ಜಾಸ್ತಿ ಬೇಕು. ಇವರಿಗೆ ಎಲ್ಲಿಂದ ಬಂತು ಅಂತ ಹೇಳಿದೆ. ಸುಮ್ಮನಾದರು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು. ಹತ್ತು ವಾರ ಆ ಸಾಲಿನಲ್ಲಿ ನಿಂತೆ. 57ನೇ ದಿನ ಇವರ ಹೊಸ ಕಂಪನಿಯ ಅರ್ಜಿ ಹೋಯಿತು. ಮೊದಲ ಸಂಬಳ ಬಂದ ವಾರ ಮತ್ತೆ ಮೇಜಿನ ಈಚೆ ಬಂದೆ. ಕೋ ಆಗಲೂ ಏನೂ ಅನ್ನಲಿಲ್ಲ, ಎಲೆಕೋಸಿನ ಕ್ರೇಟ್ ನನ್ನ ಕಡೆ ತಳ್ಳಿದರು.

ಇನ್ನು ಆ ಫಲಕ. ಅದಕ್ಕೆ ಕೋ ಹೆಸರು ಯಾಕೆ ಹೋಗಲಿಲ್ಲ ಅಂತ ಕೇಳಿದೆ. ನಮ್ಮಲ್ಲಿ ಹೆಸರು ಹೋಗೋದು ಸಂಘದ ಪದಾಧಿಕಾರಿಗಳದ್ದು, ಕ್ಲಬ್ಬುಗಳ ಮುಖ್ಯಸ್ಥರದ್ದು. ಸಂಘಕ್ಕೆ ಆರಿಸಿ ಬರೋರು ಕನಿಷ್ಠ 5 ಯೂನಿಟ್ ಓದುತ್ತಿರಬೇಕು ಅಂತ ರಾಜ್ಯದ ಶಿಕ್ಷಣ ಕಾನೂನೇ ಹೇಳುತ್ತದೆ. ಕೋ ಓದೋದು 3 ಯೂನಿಟ್‌ನ ಒಂದು ತರಗತಿ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ, ಓದದೆ ಬರೀ ಚುನಾವಣೆಗೆ ನಿಲ್ಲೋರನ್ನು ತಡೆಯೋಕೆ ಅದು ಬೇಕು. ಆದರೆ ಪ್ರಶಸ್ತಿಗೂ ಅದೇ ಗೆರೆ ಯಾಕೆ ಎಳೆಯಬೇಕು? ಪದಾಧಿಕಾರಿ ಆಗಿರದ ವಿದ್ಯಾರ್ಥಿಗಳ ಹೆಸರನ್ನೂ ತಗೊಳ್ಳಬೇಕು ಅಂತ ಮುಂದಿನ ಸಂಘದವರಿಗೆ ಒಂದು ಪ್ರಸ್ತಾಪ ಬರೆದು ಕೊಟ್ಟಿದ್ದೇನೆ. 72 ಗಂಟೆ ಮೊದಲೇ ಹಚ್ಚಿ ಅಂತಲೂ ಹೇಳಿದ್ದೇನೆ. ಸೆಕೆಂಡ್ ಯಾರು ಮಾಡ್ತೀರೋ ಮಾಡಿ.

ಸಮಾರಂಭಕ್ಕೆ ಕೋ ಬರಲಿಲ್ಲ. ಮರುದಿನ ಅವರಿಗೆ ಪರೀಕ್ಷೆ ಇತ್ತು. ಫಲಕದ ಫೋಟೋ ಕಳಿಸಿದೆ. "ಚೆನ್ನಾಗಿದೆ. ಸವಕಳಿ ಲೆಕ್ಕ ಅರ್ಥ ಆಗ್ತಿಲ್ಲ, ಫೋನ್ ಮಾಡು" ಅಂತ ಉತ್ತರ ಬಂತು. ಮಾಡಿದೆ. ಒಂದು ಗಂಟೆ ಸವಕಳಿ ಲೆಕ್ಕ ಹೇಳಿಕೊಟ್ಟೆ.

ಕೋ, ಇದು ನಿಮಗೆ ಓದೋಕೆ ಬರದ ಭಾಷೆಯಲ್ಲಿದೆ. ಬುಧವಾರ ಎಲೆಕೋಸು ಆರಿಸೋವಾಗ ಕೂತು ಓದಿ ಹೇಳುತ್ತೇನೆ. ಕಡಲೆಕಾಯಿ ಈ ಸಲ ನಾನೇ ಬೇಯಿಸಿಕೊಂಡು ಬರುತ್ತೇನೆ. ನಿಮ್ಮದಕ್ಕೆ ಉಪ್ಪು ಕಮ್ಮಿ, ಅವತ್ತೇ ಹೇಳಬೇಕಿತ್ತು.