ಭಾನುವಾರದ ಮಾತುಕತೆ: ಮಧು ದಂಡವತೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಕುಕ್ಕರಹಳ್ಳಿ ಕೆರೆ ಹತ್ತಿರ ಸೇರೋಣ, ಮಾಮೂಲಿ ಜಾಗದಲ್ಲೇ.

ದಂಡವತೆ ಮುಂಬೈಯಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಅಪ್ಪಟ ಸಮಾಜವಾದಿ. ಮಹಾರಾಷ್ಟ್ರದ ರಾಜಾಪುರದಿಂದ 1971ರಿಂದ ಸತತ ಐದು ಸಲ ಲೋಕಸಭೆಗೆ ಗೆದ್ದರು. ವಿ.ಪಿ. ಸಿಂಗ್ ಸರ್ಕಾರದಲ್ಲಿ ಹಣಕಾಸು ಮಂತ್ರಿಯೂ ಆಗಿದ್ದರು. ಆದರೆ ನನಗೆ ಜಾಸ್ತಿ ಇಷ್ಟ ಅವರು ರೈಲ್ವೆ ಮಂತ್ರಿಯಾಗಿದ್ದ ದಿನಗಳು, 1977ರಿಂದ 79. ಆಗ ಎರಡನೇ ದರ್ಜೆಯವರು ಮಲಗುತ್ತಿದ್ದದ್ದು ಬರೀ ಮರದ ಹಲಗೆ ಮೇಲೆ. ಅದಕ್ಕೆ ಎರಡು ಇಂಚು ಫೋಮ್ ಹಾಕಿಸಿದ್ದು ಇವರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹುಬ್ಬಳ್ಳಿವರೆಗೆ ಸುಮ್ನೆ ಮಲಗಿ ಹೋಗ್ತೀವಲ್ಲ, ಯಾರಿಗೆ ನೆನಪಿದೆ ಹೇಳಿ! ಕೊಂಕಣ ರೈಲ್ವೆಗೂ ಬೆನ್ನು ಬಿಡದೆ ಹೋರಾಡಿದವರು.

ನಮ್ಮ ರಾಜ್ಯದ ನಂಟೂ ಇದೆ. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಹಿಡಿದದ್ದು ಬೆಂಗಳೂರಿನಲ್ಲಿ, ಇಟ್ಟದ್ದು ಈಗ ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿನಲ್ಲಿ. ಹೆಂಡತಿ ಪ್ರಮೀಳಾ ಪುಣೆಯ ಯೆರವಾಡ ಜೈಲಿನಲ್ಲಿದ್ದರು. ಸಂಸಾರವೆಲ್ಲ ಪತ್ರದಲ್ಲೇ.

ಆ ಕಾಲ ಕಂಡ ಹಿರಿಯರು ದಯವಿಟ್ಟು ಬನ್ನಿ, ಮಾತಾಡಿ. ಈಗಿನ ಪಕ್ಷಗಳ ಜಗಳ ಮಾತ್ರ ಬೇಡ. ಮಳೆ ಬಂದರೆ ಜಾಗ ಬದಲಾಗುತ್ತದೆ, ಮಧ್ಯಾಹ್ನ ಗುಂಪಿನ ಸಂದೇಶ ನೋಡಿಕೊಳ್ಳಿ.