ರಂಬುಟಾನ್ ಮರ ಕಡಿಯುವ ಮುಂಚೆ: ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಕಾರ್ಕಳ ತಾಲೂಕಿನ ಕೃಷಿಕ. ಕಳೆದ ಮಳೆಗಾಲ ಮುಗಿಯುತ್ತಲೇ ಪಕ್ಕದ ತೋಟದವರು 20 ರಂಬುಟಾನ್ ಮರ ಕಡಿಸಿದರು. ಸಿಪ್ಪೆಯ ಮೇಲೆಲ್ಲ ಕೂದಲಿನಂಥ ಎಳೆಗಳಿರುವ ಆ ಕೆಂಪು ಹಣ್ಣಿನ, ಒಳ್ಳೆ ಫಸಲು ಕೊಡುತ್ತಿದ್ದ ಮರಗಳು. ಈಗ ಅಲ್ಲಿ ಅಡಿಕೆ ಸಸಿ ಇದೆ. ನಮ್ಮಲ್ಲೂ 30 ಇದ್ದದ್ದು 11ಕ್ಕೆ ಇಳಿದಿದೆ.

ಈ ಹಣ್ಣು ಕರಾವಳಿಗೆ ಒಗ್ಗುವುದಿಲ್ಲ ಅನ್ನುವವರಿದ್ದಾರೆ. ಒಪ್ಪುವ ಮಾತಲ್ಲ. ಮಣ್ಣೂ ಒಗ್ಗಿದೆ, ಸೆಕೆಯೂ ಒಗ್ಗಿದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ 'ಅರ್ಕಾ ಕೂರ್ಗ್ ಅರುಣ್' ಎಂಬ ತಳಿಯನ್ನೇ ಕೊಟ್ಟಿದೆ. ನಮ್ಮನ್ನು ಸೋಲಿಸುವುದು ಕೊಯ್ದ ಮೇಲಿನ ಮೂರು ದಿನ.

ರಂಬುಟಾನ್ ಬಾಳೆಯ ಹಾಗಲ್ಲ. ಕೊಯ್ದ ಮೇಲೆ ಮಾಗುವುದಿಲ್ಲ, ಮರದಲ್ಲೇ ಕೆಂಪಾಗಬೇಕು. ಕೆಂಪಾಗುವುದು ಜೂನ್, ಜುಲೈಯಲ್ಲಿ, ಜಡಿಮಳೆಯ ಹೊತ್ತಿಗೆ. ದೊಡ್ಡ ಮಳೆ ಬಂದರೆ ಸಿಪ್ಪೆ ಒಡೆಯುತ್ತದೆ. ರಾತ್ರಿ ಬಾವಲಿ, ಹಗಲು ಮಂಗ. ಮರಕ್ಕೆಲ್ಲ ಬಲೆ ಹೊದಿಸಬೇಕು. ಜಾರುವ ಕೊಂಬೆ ಹತ್ತಲು ಆ ಮಳೆಯಲ್ಲಿ ಜನ ಎಲ್ಲಿ ಸಿಗ್ತಾರೆ?

ಇಷ್ಟಾಗಿ ಬುಟ್ಟಿ ತುಂಬಿದರೆ ಮರುದಿನವೇ ಕೂದಲಿನ ತುದಿ ಕಪ್ಪಾಗಲು ಶುರು. ಮೂರನೇ ದಿನಕ್ಕೆ ಇಡೀ ಹಣ್ಣು ಕಂದು. ಒಳಗಿನ ತಿರುಳು ಬೆಳ್ಳಗೆ, ಸಿಹಿಯಾಗೇ ಇರುತ್ತದೆ, ಆದರೆ ಯಾರೂ ಕೊಳ್ಳುವುದಿಲ್ಲ. ಹೋದ ವರ್ಷ ಮಂಗಳೂರಿಗೆ ನಾಲ್ಕು ಕ್ರೇಟ್ ಒಯ್ದೆ. ವ್ಯಾಪಾರಿ ಮೇಲಿನ ಹಣ್ಣು ತಿರುಗಿಸಿ ನೋಡಿ, ಕೆ.ಜಿ.ಗೆ 60 ರೂಪಾಯಿ ಅಂದರು. ಅದೇ ಬೀದಿಯ ಅಂಗಡಿಯಲ್ಲಿ 220 ಇತ್ತು. ವಾಪಸ್ ತರಲು ಆಗುತ್ತದೆಯೇ? ಕೊಟ್ಟು ಬಂದೆ. ಅದೇ ವಾರ ಕೇರಳದ ಹಣ್ಣೂ ಬಂದು ಬೀಳುತ್ತದೆ. 2021ರಲ್ಲಿ ಕೋಝಿಕ್ಕೋಡಿನಲ್ಲಿ, ಬಾವಲಿಯಿಂದ ಹರಡುವ ನಿಫಾ ವೈರಸ್ ಪ್ರಕರಣದಲ್ಲಿ ರಂಬುಟಾನ್ ಮೇಲೆ ಸಂಶಯ ಬಂದಾಗಂತೂ ಜನ ಹಣ್ಣು ಮುಟ್ಟಲೇ ಹೆದರಿದರು.

ಅಡಿಕೆಯನ್ನು ಒಣಗಿಸಿ ಗೋಣಿಯಲ್ಲಿ ಇಡಬಹುದು. ರೇಟು ಬಂದಾಗ ಕೊಡಬಹುದು. ಕೊಳ್ಳಲು 1973ರಿಂದ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲೂ ನಮ್ಮಲ್ಲಿ ಅಡಿಕೆ, ಕಾಳುಮೆಣಸು ಇವೆ, ರಂಬುಟಾನ್ ಇಲ್ಲ. ರೈತ ಅಡಿಕೆಗೇ ಮರಳುವುದರಲ್ಲಿ ಆಶ್ಚರ್ಯವೇನು? ಆದರೆ ಎಲೆಚುಕ್ಕಿ ರೋಗ ಅಡಿಕೆ ತೋಟಗಳಲ್ಲಿ ಹಬ್ಬುತ್ತಿರುವಾಗ ಎಲ್ಲರೂ ಅದೊಂದನ್ನೇ ನೆಡುವುದು ನನಗೆ ಭಯ ಹುಟ್ಟಿಸುತ್ತದೆ.

ನಮಗೆ ಬೇಕಾದದ್ದು ಜಾಸ್ತಿ ಏನಲ್ಲ. ಕಾರ್ಕಳದ ಆಸುಪಾಸಿನಲ್ಲಿ ಒಂದು ಸಣ್ಣ ಶೀತಲ ಕೊಠಡಿ ಮಾಡಿಸಿ. 10ರಿಂದ 12 ಡಿಗ್ರಿ ತಂಪಿನಲ್ಲಿ, ತೇವ ಆರದ ಹಾಗೆ ಇಟ್ಟರೆ ಈ ಹಣ್ಣು ಹತ್ತು ದಿನ ತಡೆಯುತ್ತದೆ. ಹತ್ತು ದಿನ ಸಿಕ್ಕರೆ ಬೆಂಗಳೂರಿಗೂ ಕಳಿಸಬಹುದು, ರೇಟೂ ಕೇಳಬಹುದು. ಬಲೆಗೆ ಸಹಾಯಧನ ಕೊಡಿ. ವಿಮೆಯ ಪಟ್ಟಿಗೆ ಸೇರಿಸಿ.

ಜುಲೈಯಲ್ಲಿ ಒಮ್ಮೆ ನಮ್ಮ ತೋಟಕ್ಕೆ ಬನ್ನಿ. ಕೊಯ್ಲು ಮುಗಿದ ಮೇಲೆ ಆಗಸ್ಟ್‌ನಲ್ಲಿ ಗೆಲ್ಲು ಸವರಬೇಕು. ಗರಗಸದವರು ಈಗಲೇ ಕೇಳುತ್ತಿದ್ದಾರೆ, ಗೆಲ್ಲು ಮಾತ್ರವೋ, ಬುಡಕ್ಕೇ ಹಾಕುವುದೋ ಎಂದು. ನಾನಿನ್ನೂ ಉತ್ತರ ಕೊಟ್ಟಿಲ್ಲ.

ಇತಿ,
ಕಾರ್ಕಳ ತಾಲೂಕಿನ ಒಬ್ಬ ಕೃಷಿಕ