ತಾರಾದೇವಿ ಹೊರಗಿನಾಕಿ ಹೆಂಗ ಆಗ್ತಾಳ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಐತವಾರದ ವಾಸ್ತು ಪುಟದಾಗ ಟಿಬೆಟ್ ಕಡೆ ಮೂರ್ತಿ ಶೋಕೇಸಿಗೆ ಚಂದ, ದೇವರ ಜಗಲಿ ಮ್ಯಾಲ ಇಡಬ್ಯಾಡ್ರಿ, ಅವು ನಮ್ಮ ದೇವರಲ್ಲ ಅಂತ ಬರದಿದ್ರಿ. ಜೋಡಿ ಹಾಕಿದ್ದ ಫೋಟೊ ಯಾರದು ಗೊತ್ತೈತೇನ್ರಿ? ಬೌದ್ಧರು ಪೂಜಾ ಮಾಡೋ ಹಸಿರು ತಾರಾದೇವಿದು. ಬಲಗಾಲು ಕೆಳಗ ಚಾಚಿ, ಕರದ್ರ ಎದ್ದು ಬರಾಕ ತಯಾರಾಗಿ ಕುಂತಾಕಿ, ಬಲಗೈ ವರದ ಮುದ್ರೆ, ಎಡಗೈಯಾಗ ನೈದಿಲೆ. ಆಕಿನ್ನ ಲಾಫಿಂಗ್ ಬುದ್ಧನ ಸಾಲಿಗೆ ಹಚ್ಚಿಬಿಟ್ರಿ.

ನಾವು ಮೂಲ ಗದಗ ಜಿಲ್ಲಾದವರು, ಈಗ ಬೋರಿವಲಿಯಾಗ ಇರೋದು. ನಮ್ಮ ಮುಂಡರಗಿ ತಾಲೂಕಿನ ಡಂಬಳದಾಗ 1095ರ ಒಂದು ಶಾಸನ ಐತಿ, ಚಾಲುಕ್ಯರ ರಾಜ ಆರನೇ ವಿಕ್ರಮಾದಿತ್ಯನ ಕಾಲದ್ದು. ಹದಿನಾರು ಮಂದಿ ಶೆಟ್ಟರು ಕೂಡಿ ಕಟ್ಟಿಸಿದ ವಿಹಾರಕ್ಕ, ಅಂದ್ರ ಬೌದ್ಧ ಮಠಕ್ಕ, ಅಲ್ಲಿ ತಾರಾದೇವಿಗೆ ದಾನ ಕೊಟ್ಟ ಸುದ್ದಿ ಅದರಾಗ ಐತಿ, ಮತ್ತ ಸಿಂಹ, ಆನಿ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ ಇಷ್ಟರ ಅಂಜಿಕಿ ಕಳಿಯಾಕಿ ಅಂತ ಆಕಿನ್ನ ಹೊಗಳ್ಯಾರ. ವ್ಯಾಪಾರಕ್ಕ ಊರೂರು ತಿರಗೋ ಮಂದಿಗೆ ಬೇಕಾದ ದೇವಿನ ನೋಡ್ರಿ ಇಕಿ! ಬಳ್ಳಿಗಾವಿಯಾಗೂ ತಾರಾಭಗವತಿ ಪೂಜಾ ನಡೀತಿತ್ತು. ಇಲ್ಲೇ ನಮ್ಮ ಮನಿ ಹತ್ರ ಕಾನ್ಹೇರಿ 90ನೇ ಗವಿಯಾಗ ಇಂಥವೇ ಅಂಜಿಕಿಯಿಂದ ಕಾಯೋ ಬೋಧಿಸತ್ವ ಅವಲೋಕಿತೇಶ್ವರನ್ನ, ಬೌದ್ಧರ ಕರುಣಾಮೂರ್ತಿನ್ನ, ಗ್ವಾಡಿ ಮ್ಯಾಲ ಕೆತ್ಯಾರ, ನ್ಯಾಷನಲ್ ಪಾರ್ಕಿಗೆ ಪಿಕ್ನಿಕ್ ಹೋದವ್ರು ಮಂಗ್ಯಾ ನೋಡಿ ಬರ್ತಾರ, ಅದನ್ನ ನೋಡಂಗಿಲ್ಲ.

ವಾಸ್ತು ಪುಟದವ್ರು ಎಚ್ಚರಿಕಿ ಕೊಡೋದಿದ್ರ ಮಾರೋರ ಬಗ್ಗೆ ಕೊಡಬೇಕಿತ್ತು. ಇಲ್ಲಿ ಒಂದು ಅಂಗಡಿಯಾಗ ಒಬ್ಬಾಂವ ಗೇಣುದ್ದದ ಕಪ್ಪಿಟ್ಟ ಮೂರ್ತಿ ತೋರಿಸಿ ಇನ್ನೂರು ವರ್ಷದ್ದು ಅಂದ. ನೂರು ವರ್ಷ ದಾಟಿದ ಮೂರ್ತಿ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಆಗ್ತೈತಿ, ಮಾರಾಕ ಲೈಸೆನ್ಸ್ ಬೇಕು, ಮೂರ್ತಿದು ರಿಜಿಸ್ಟ್ರೇಷನ್ ಬೇಕು. ಕಾಗದ ತೋರ್ಸಪ್ಪಾ ಅಂದ್ರ ಚಾ ತರಸ್ತೀನಿ ಅಂದ!

ಛಲೋ ಮೂರ್ತಿ ಇವತ್ತಿಗೂ ನೇಪಾಳದ ಪಾಟನ್‌ನಾಗ ಶಾಕ್ಯ ಮನೆತನದವ್ರು ಮಾಡ್ತಾರ. ಮೊದಲ ಮೇಣದಾಗ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಸುಟ್ಟು ಮೇಣ ಕರಗಿಸಿ ಆ ಜಾಗಾಕ್ಕ ತಾಮ್ರ ಸುರೀತಾರ, ಆಮ್ಯಾಲ ಮಣ್ಣಿನ ಅಚ್ಚು ಒಡದು ಮೂರ್ತಿ ತಗೀತಾರ, ಅಂದ್ರ ಒಂದು ಅಚ್ಚಿಗೆ ಒಂದ ಮೂರ್ತಿ. ರೆಸಿನ್‌ದು, ಅಂದ್ರ ಪ್ಲಾಸ್ಟಿಕ್‌ನಂಥದ್ದು, ಹಂಗಲ್ಲ, ಒಂದ ಅಚ್ಚಿನಾಗ ಎಷ್ಟರ ತಗೀರಿ. ರೆಸಿನ್‌ದಕ್ಕ ಪೂಜಾ ಮಾಡಬಾರದು ಅಂತ ನಾ ಅನ್ನಂಗಿಲ್ಲ, ಆದ್ರ ತಾಮ್ರದ ರೇಟ್ ಯಾಕ ಕೊಡಬೇಕ್ರಿ?

ಇನ್ನೊಂದು, ಮೂರ್ತಿ ಬುಡದಾಗ ತಗಡು ಬಡದಿದ್ರ, ಅದರ ಮ್ಯಾಲ ಅಡ್ಡಡ್ಡ ಎರಡು ವಜ್ರಾಯುಧದ ಗುರುತಿದ್ರ, ಒಳಗ ಏನೈತಿ ಅಂತ ಕಿತ್ತು ನೋಡಬ್ಯಾಡ್ರಿ. ಮಂತ್ರ ಬರದ ಕಾಗದದ ಸುರುಳಿ, ಧೂಪದ ಪುಡಿ ತುಂಬಿ ಪ್ರತಿಷ್ಠಾ ಮಾಡಿರ್ತಾರ. ಬುಡ ಖಾಲಿ ಇದ್ರ ನಮ್ಮ ಬೈಲಕುಪ್ಪೆ, ಮುಂಡಗೋಡ ಟಿಬೆಟ್ ಮಠದಾಗ ಲಾಮಾಗಳನ್ನ ತುಂಬಿ ಪ್ರತಿಷ್ಠಾ ಮಾಡಿ ಕೊಡ್ತೀರೇನು ಅಂತ ಕೇಳಿ ನೋಡ್ರಿ, ಊರಿಗೆ ಹೋಗೋ ಮುಂದ ಮುಂಡಗೋಡ ಭಾಳ ದೂರ ಏನಲ್ಲ.

ನಮ್ಮ ಮನ್ಯಾಗ ತಾರಾ ಎಲ್ಲಮ್ಮನ ಬಾಜೂಕ ಅದಾಳ, ನಮ್ಮವ್ವ ಇಬ್ಬರಿಗೂ ಕೂಡೇ ಊದಿನಕಡ್ಡಿ ಹಚ್ಚತಾಳ. ಬರೋ ಐತವಾರ ಅದ ಪುಟದಾಗ ಒಂದು ತಿದ್ದುಪಡಿ ಹಾಕ್ರಿ, ಡಂಬಳದ ಹೆಸರು ಬರೀಲಿಕ್ಕೆ ಮರೀಬ್ಯಾಡ್ರಿ.

ನಿಮ್ಮ ಒಬ್ಬ ಓದುಗ,
ಬೋರಿವಲಿ, ಮುಂಬೈ